ಮನ್ಸೂರರ ಹಾಡಿಕೆಗೆ ಯಾಕಷ್ಟು ಅವಸರ?

ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ (ಘರಾಣೆ ಎಂದರೆ ಗುರುಪರಂಪರೆಯಿಂದ ಬಂದ ಹಾಡುವ ಶೈಲಿ) ಹಾಡಿಕೆಗೆ ಪಳಗಿದ ಕಿವಿಗೆ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಮೊದಲ ಸಲಕ್ಕೆ ದಕ್ಕುವುದಿಲ್ಲ. ಕೇಳುಗ ಸರಿಯಾಗಿ ಕೂತುಕೊಳ್ಳುವಷ್ಟರಲ್ಲಿ ಚೀಜು (ರಾಗ–ತಾಳಕ್ಕೆ ಕಟ್ಟಿದ ಹಾಡು) ಸುರುವಾಗಿ ತಬಲಾ ಕೂಡಿಕೊಂಡಿರುತ್ತದೆ. ರಾಗ ಯಾವುದಿರಬಹುದು ಎಂದು ತಲೆ ಕೆರೆದುಕೊಳ್ಳುವ ಹೊತ್ತಿಗೆ ತಾಳದ ನಾಲ್ಕು ಆವರ್ತನ (ಸುತ್ತು) ದಾಟಿ ಹೋಗಿರುತ್ತದೆ. ಒಂದು ಸ್ವರದ ಮೇಲೆ ನಿಂತು, ಅದನ್ನು ಸವರಿ, ಮೆಲ್ಲಗೆ ಮುಂದಿನದಕ್ಕೆ ಸರಿಯುವ ಪರಿಚಿತ ನಿಧಾನ ಇಲ್ಲಿ ಇಲ್ಲ.

ಹಾಗಂತ ಗಡಿಯಾರ ಹಿಡಿದು ನೋಡಿದರೆ ಅವರ ಲಯ ದುಡುದುಡು ಓಡುವುದೇನಲ್ಲ, ಮಧ್ಯಮ ಗತಿಯದು. ಅವಸರ ಅನ್ನಿಸುವುದಕ್ಕೆ ಕಾರಣ ಜೈಪುರ–ಅತ್ರೌಲಿ ಘರಾಣೆಯ ಕಟ್ಟೋಣದಲ್ಲಿದೆ. ಅಲ್ಲಿ ಸ್ವರ ಮತ್ತು ಲಯ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ನಡೆಸಲು ಬರುವುದಿಲ್ಲ. ಮನ್ಸೂರರಿಗೆ ಈ ರೀತಿ ಬಾಲ್ಯದಿಂದ ಬಂದದ್ದಲ್ಲ. ಬೇರೊಂದು ಘರಾಣೆಯಲ್ಲಿ ಪಳಗಿ, ಇಪ್ಪತ್ತು ದಾಟಿದ ಮೇಲೆ ಮತ್ತೆ ಶಿಷ್ಯನಾಗಿ ಕೂತು ಕಲಿತದ್ದು.

ನಾಟಕ, ಮೀರಜ, ಮುಂಬಯಿ

ಹುಟ್ಟಿದ್ದು 1910ರ ಡಿಸೆಂಬರ್ 31ರಂದು, ಧಾರವಾಡಕ್ಕೆ ಹತ್ತಿರದ ಮನ್ಸೂರು ಎಂಬ ಹಳ್ಳಿಯಲ್ಲಿ. ಒಕ್ಕಲುತನದ ಮನೆ. ಅಣ್ಣ ಬಸವರಾಜರಿಗೆ ನಾಟಕದ ನಂಟು ಇದ್ದುದರಿಂದ ಹುಡುಗ ಚಿಕ್ಕಂದಿನಲ್ಲೇ ರಂಗ ಹತ್ತಿದ. ಆಗಿನ ಕಂಪನಿ ನಾಟಕದ ರಂಗದಲ್ಲಿ ಮೈಕು ಇರಲಿಲ್ಲ. ಕೊನೆಯ ಸಾಲಿನ ಪ್ರೇಕ್ಷಕನಿಗೆ ಅಕ್ಷರ ಸಹಿತ ಪದ ಮುಟ್ಟಬೇಕು, ಪೇಟಿಯ ಶ್ರುತಿ ಬಿಡಬಾರದು, ‘ಒನ್ಸ್ ಮೋರ್’ ಬಂದರೆ ಅದೇ ಹಾಡನ್ನು ಬೇರೆ ಬಗೆಯಲ್ಲಿ ಹಾಡಬೇಕು. ಬಾಯಿ ಪೂರಾ ತೆರೆದು, ನಾಭಿಯಿಂದ ಗಾಳಿ ತಳ್ಳಿ ಹೊರಡಿಸುವ ‘ಆ’ಕಾರ ಅವರಲ್ಲಿ ಕೊನೆಯವರೆಗೂ ಉಳಿಯಿತು. ಅದರ ಮೊದಲ ಸಾಮು ಇಲ್ಲೇ ನಡೆದದ್ದು.

ಸಂಗೀತದ ಮೊದಲ ಪಾಠ ಅಪ್ಪಯ್ಯಸ್ವಾಮಿಯವರಲ್ಲಿ, ಅದೂ ಕರ್ನಾಟಕ ಸಂಗೀತ. ಆಮೇಲೆ ಮೀರಜದ ನೀಲಕಂಠಬುವಾ ಆಲೂರಮಠರ ಕೈಗೆ ಬಿದ್ದರು. ಬುವಾ ಗ್ವಾಲಿಯರ್ ಘರಾಣೆಯವರು, ಬಾಳಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರು. ಗ್ವಾಲಿಯರ್ ಎಂದರೆ ಖ್ಯಾಲದ, ಅಂದರೆ ಹಿಂದೂಸ್ತಾನಿಯ ಮುಖ್ಯ ಗಾಯನಪ್ರಕಾರದ, ವ್ಯಾಕರಣಶಾಲೆ: ಯಮನ್, ಭೂಪ, ಹಮೀರ್, ಗೌಡಮಲ್ಹಾರದಂಥ ಪ್ರಚಲಿತ ರಾಗಗಳು, ಸ್ಥಾಯಿ–ಅಂತರಾ (ಚೀಜಿನ ಎರಡು ಭಾಗ) ಅಚ್ಚುಕಟ್ಟು, ಮಂದ್ರದಿಂದ ತಾರಕ್ಕೆ ಬಾಣದಂತೆ ಹೋಗಿ ಬರುವ ಸಪಾಟ ತಾನು (ತಾನು ಎಂದರೆ ವೇಗದ ಸ್ವರಸರಣಿ). 1930ರ ದಶಕದಲ್ಲಿ ಎಚ್‌ಎಂವಿ ಹೊರತಂದ ಅವರ ತಟ್ಟೆಗಳಲ್ಲಿ ಕೇಳುವುದು ಈ ತಾಲೀಮು (ಗುರುವಿನಿಂದ ಪಡೆದ ಪಾಠ). 78 ಸುತ್ತಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುವುದು ಮೂರು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಚೀಜು ಹೇಳಿ, ಅಂತರಾ ಮುಟ್ಟಿ, ಹತ್ತಾರು ತಾನು ಹೊಡೆದು ಮುಗಿಸಬೇಕು.

ಹೆಸರು ಬಂದಿದ್ದ ಆ ಹೊತ್ತಿನಲ್ಲೇ ಅವರು ಮುಂಬಯಿಯಲ್ಲಿ ಮಂಜಿ ಖಾನರ ಶಿಷ್ಯರಾದರು. ಮಂಜಿ ಖಾನರ ತಂದೆ ಅಲ್ಲಾದಿಯಾ ಖಾನರು (1855–1946) ಕೊಲ್ಲಾಪುರದ ದರ್ಬಾರಿನ ಗವಾಯಿ, ಕೇಸರಬಾಯಿ ಕೇರಕರ್ ಮತ್ತು ಮೋಗುಬಾಯಿ ಕುರ್ಡೀಕರರ ಗುರು, ಜೈಪುರ–ಅತ್ರೌಲಿ ಗಾಯಕಿಯ ಮೂಲಪುರುಷ. ಮಂಜಿ ಖಾನರ ತಾಲೀಮು ಎರಡು ವರ್ಷವೂ ತುಂಬಲಿಲ್ಲ. 1937ರಲ್ಲಿ ಅವರು ಅಕಾಲದಲ್ಲಿ ತೀರಿಕೊಂಡರು. ಮುಂದೆ ಅವರ ತಮ್ಮ ಭೂರ್ಜಿ ಖಾನರು ಹೇಳಿಕೊಟ್ಟರು. ಅವರೂ 1950ರಲ್ಲಿ ಹೋದರು.

ಗ್ವಾಲಿಯರ್ ಬಿಟ್ಟು ಜೈಪುರಕ್ಕೆ ಬಂದರು ಎಂದು ಬರೆಯುವವರಿದ್ದಾರೆ. ಅದು ಅರ್ಧ ಸರಿ. ಚೀಜಿನ ಮೇಲಿನ ಹಿಡಿತ, ಅಕ್ಷರದ ಖಡಕ್ಕುತನ, ಅಂತರಾ ನುಂಗದೆ ಪೂರ್ತಿ ಹೇಳುವ ರೂಢಿ, ಇವೆಲ್ಲ ಮೀರಜದಿಂದಲೇ ಬಂದವು. ಬದಲಾದದ್ದು ಆವರ್ತನ ತುಂಬುವ ಬಗೆ. ಅದನ್ನು ಲೆಕ್ಕ ಹಾಕಿಯೇ ನೋಡಬೇಕು.

ನಲವತ್ತು ನಿಮಿಷದಲ್ಲಿ ಎಷ್ಟು ಸಮ್?

ತಾಳ ಒಂದು ಚಕ್ರ. ಅದರ ಮೊದಲ ಮಾತ್ರೆ (ಎಣಿಕೆ) ಸಮ್. ಹಾಡುಗಾರ ಏನೇ ವಿಸ್ತಾರ ಮಾಡಲಿ, ಚೀಜಿನ ಮೊದಲ ತುಣುಕಾದ ಮುಖಡಾ ಹಿಡಿದು ಸಮ್‌ಗೆ ಬಂದು ಮುಟ್ಟಬೇಕು. ಇಷ್ಟು ಎಲ್ಲ ಘರಾಣೆಗೂ ಸಮಾನ.

ಕಿರಾಣಾದ ಬಡಾ ಖ್ಯಾಲ ಹೆಚ್ಚಾಗಿ ಅತಿವಿಲಂಬಿತ (ಬಹಳ ನಿಧಾನದ) ಏಕತಾಲದಲ್ಲಿ ನಡೆಯುತ್ತದೆ. ಹನ್ನೆರಡು ಮಾತ್ರೆ, ಒಂದೊಂದಕ್ಕೆ ನಾಲ್ಕು ಸೆಕೆಂಡಿನ ಆಸುಪಾಸು ಎಂದಿಟ್ಟುಕೊಂಡರೆ ಒಂದು ಆವರ್ತನಕ್ಕೆ 48 ಸೆಕೆಂಡು. ಮನ್ಸೂರರು ಸಾಮಾನ್ಯವಾಗಿ ಆರಿಸಿಕೊಳ್ಳುವುದು ತೀನತಾಲ. ಮಾತ್ರೆ ಹದಿನಾರು, ಆದರೆ ಒಂದೊಂದಕ್ಕೆ ಒಂದು ಸೆಕೆಂಡು, ಅಬ್ಬಬ್ಬಾ ಎಂದರೆ ಒಂದೂಕಾಲು. 1.2 ಎಂದು ಹಿಡಿದರೆ ಆವರ್ತನಕ್ಕೆ 19 ಸೆಕೆಂಡು ಚಿಲ್ಲರೆ. ನಲವತ್ತು ನಿಮಿಷ ಹಾಡಿದರೆ ಅಲ್ಲಿ ಸಮ್ ಬರುವುದು 50 ಸಲ, ಇಲ್ಲಿ 125 ಸಲ.

ಈ ವ್ಯತ್ಯಾಸ ಬರೀ ವೇಗದ್ದಲ್ಲ. 48 ಸೆಕೆಂಡಿನ ಆವರ್ತನದಲ್ಲಿ ಹಾಡುಗಾರ ಮೊದಲ ಮುಕ್ಕಾಲು ಪಾಲು ತಾಳದ ಗೊಡವೆಯಿಲ್ಲದೆ ಸ್ವರ ಬಿಡಿಸಬಹುದು. ಕೊನೆಯ ಕಾಲು ಭಾಗದಲ್ಲಿ ಎಚ್ಚೆತ್ತು ಮುಖಡಾ ಹಿಡಿದರೆ ಸಾಕು. 19 ಸೆಕೆಂಡಿನಲ್ಲಿ ಆ ಸಲಿಗೆ ಇಲ್ಲ. ಸಮ್ ಬಿಟ್ಟ ಗಳಿಗೆಯಿಂದಲೇ ಮುಂದಿನ ಸಮ್ ಕಣ್ಣೆದುರು ಇರುತ್ತದೆ. ಆಲಾಪದ (ರಾಗ ಬಿಡಿಸುವ ವಿಸ್ತಾರದ) ಒಂದೊಂದು ತುಣುಕೂ ಮಾತ್ರೆಯ ಬೆನ್ನೇರಿಯೇ ಸಾಗಬೇಕು. ಪ್ರತಿ ಆವರ್ತನಕ್ಕೂ ಹೊಸದೊಂದು ಮಾತು ಸುರುವಾಗಿ, ಬೆಳೆದು, ಮುಗಿಯಬೇಕು. 125 ಸಲ.

ತಾನಿಗೆ ಬಂದರೆ ಲೆಕ್ಕ ಇನ್ನೂ ಬಿಗಿ. ಮುಖಡಾ 13ನೆಯ ಮಾತ್ರೆಯಿಂದ ಏಳುತ್ತದೆ ಎಂದುಕೊಳ್ಳಿ. ಸಮ್‌ನಿಂದ ತಾನು ಹೊರಟರೆ ಸಿಗುವುದು 12 ಮಾತ್ರೆ. ಮಾತ್ರೆಗೆ ಎಂಟು ಸ್ವರದಂತೆ 96 ಸ್ವರ, ಹದಿನಾಲ್ಕೂವರೆ ಸೆಕೆಂಡು. ಒಂದೇ ಉಸಿರಿನಲ್ಲಿ ಮುಗಿಸುವುದಾದರೆ ಗಾಳಿಯ ಕಾಲು ಪಾಲನ್ನಾದರೂ ಮುಖಡಾಕ್ಕೆ ಉಳಿಸಿಕೊಳ್ಳಬೇಕು. ಉಳಿಯದಿದ್ದರೆ ಏನಾಗುತ್ತದೆ? ತಾನು ಚೆಂದ ಬಂದಿರುತ್ತದೆ, ಮುಖಡಾ ಸೊರಗಿರುತ್ತದೆ, ಸಮ್ ಬಡವಾಗುತ್ತದೆ. ಅಭ್ಯಾಸಿಗಳು ಹೆಚ್ಚಾಗಿ ಎಡವುವುದು ಇಲ್ಲಿ.

ಮನ್ಸೂರರ ಕೈಚಳಕ ಕಾಣುವುದೂ ಇಲ್ಲೇ. ತಾನನ್ನು 12ನೆಯ ಮಾತ್ರೆಗೆ ಸರಿಯಾಗಿ ಕತ್ತರಿಸಿ, 13ಕ್ಕೆ ಮುಖಡಾ ಎತ್ತುವ ಪಾಠಶಾಲೆಯ ಶಿಸ್ತಿಗೆ ಅವರು ಕಟ್ಟುಬೀಳುವುದಿಲ್ಲ. ತಾನು 13 ದಾಟಿ, 14ರ ನಡುವಿಗೆ ಬಂದಿರುತ್ತದೆ. ‘ಸಮ್ ತಪ್ಪಿತು’ ಎಂದು ಕೇಳುಗ ಅಂದುಕೊಳ್ಳುವಷ್ಟರಲ್ಲಿ, ನಾಲ್ಕು ಮಾತ್ರೆಯ ಮುಖಡಾವನ್ನು ಎರಡೂವರೆಗೆ ಒತ್ತಿ ಹಿಡಿದು ಸಮ್‌ಗೆ ಇಳಿಸಿಬಿಡುತ್ತಾರೆ. ಅಕ್ಷರ ಒಂದೂ ಬಿದ್ದುಹೋಗಿರುವುದಿಲ್ಲ. ಸಮ್ ಮುಟ್ಟಿದ ಮೇಲೆ ಅಲ್ಲೇ ಕೂತು ಸುಧಾರಿಸಿಕೊಳ್ಳುವ ಅಭ್ಯಾಸವೂ ಕಡಿಮೆ; ತಟ್ಟಿ ಮುಂದೆ ಹೋಗುತ್ತಾರೆ.

ಇದನ್ನು ಕಿವಿಯಿಂದ ಹಿಡಿಯಲು ಒಂದು ಸುಲಭದ ದಾರಿಯಿದೆ. ತೀನತಾಲದ ಠೇಕಾ (ತಬಲಾದ ಮೂಲ ಬಡಿತ) ಹೀಗೆ:

ಧಾ ಧಿನ್ ಧಿನ್ ಧಾ | ಧಾ ಧಿನ್ ಧಿನ್ ಧಾ | ಧಾ ತಿನ್ ತಿನ್ ತಾ | ತಾ ಧಿನ್ ಧಿನ್ ಧಾ

‘ಧ’ಕಾರದ ಬೋಲುಗಳಲ್ಲಿ ಎಡಗೈಯ ಡಗ್ಗಾ ಗುಂಯ್‌ಗುಡುತ್ತದೆ. ‘ತ’ಕಾರದವುಗಳಲ್ಲಿ ಅದು ಬಾಯಿ ಮುಚ್ಚಿರುತ್ತದೆ. ಅಂದರೆ 10ರಿಂದ 13ರವರೆಗೆ ನಾಲ್ಕು ಮಾತ್ರೆ ಬುಡದ ನಾದ ಮಾಯ. ಅದು ಮರಳುವುದು 14ಕ್ಕೆ. ಮರಳಿದೊಡನೆ ಬೆರಳು ಮಡಚಿ: ಒಂದು, ಎರಡು, ಮೂರು, ನಾಲ್ಕನೆಯದೇ ಸಮ್. ತಬಲಜಿ ನಡುವೆ ಸಣ್ಣಪುಟ್ಟ ಭರ್ತಿ ಹಾಕಿದರೂ ಈ ಖಾಲಿ ಜಾಗದ ಗುರುತು ಅಳಿಸಿಹೋಗುವುದಿಲ್ಲ. ಮೊದಲ ಹತ್ತು ನಿಮಿಷ ರಾಗದ ಚಿಂತೆ ಬಿಟ್ಟು ಇದೊಂದನ್ನೇ ಎಣಿಸಿ ನೋಡಿ. ಅವಸರ ಅನ್ನಿಸಿದ್ದು ನಿಜಕ್ಕೂ ಅವಸರವೇ ಎಂಬುದು ಆಮೇಲೆ ತಾನಾಗಿ ತೀರ್ಮಾನವಾಗುತ್ತದೆ.

ನಿಂತರೆ ರಾಗ ಕಾಣಿಸುವುದಿಲ್ಲ

ಇನ್ನೊಂದು ಅರ್ಧ ಉತ್ತರ ರಾಗಗಳಲ್ಲಿದೆ. ಅಲ್ಲಾದಿಯಾ ಖಾನರ ಮನೆತನದ ಭಂಡಾರದಲ್ಲಿ ಅಪರೂಪದ ರಾಗಗಳು ಮತ್ತು ಜೋಡರಾಗಗಳು ವಿಪರೀತ. ಶುದ್ಧ ನಟ, ನಟ ಬಿಹಾಗ, ಹೇಮ ನಟ, ಬಸಂತಿ ಕೇದಾರ, ಲಲಿತಾ ಗೌರಿ, ಬಹಾದ್ದೂರಿ ತೋಡಿ, ರಾಯಸಾ ಕಾನಡಾ, ಖಟ್, ಬಿಹಾರಿ, ಶಿವಮತ ಭೈರವ. ಮಾಲಕಂಸ ಎಂದರೆ ಐದೇ ಸ್ವರ ಎಂದು ಎಲ್ಲರೂ ಕಲಿಯುತ್ತಾರೆ. ಇವರ ಸಂಪೂರ್ಣ ಮಾಲಕಂಸದಲ್ಲಿ ರಿಷಭ (ರೇ), ಪಂಚಮ (ಪ) ಎರಡೂ ಬರುತ್ತವೆ. ಬಿಹಾಗಡಾದಲ್ಲಿ ಸಾಮಾನ್ಯವಾಗಿ ಎರಡು ನಿಷಾದ (ನಿ). ಇವರಲ್ಲಿ ‘ಏಕ ನಿಷಾದ ಬಿಹಾಗಡಾ’ ಎಂಬ ಬೇರೆಯದೇ ಒಂದು ಇದೆ.

ಜೋಡರಾಗ ಎಂದರೆ ಅರ್ಧ ಗಂಟೆ ಒಂದು, ಅರ್ಧ ಗಂಟೆ ಇನ್ನೊಂದು ಅಲ್ಲ. ಒಂದೇ ವಾಕ್ಯದಲ್ಲಿ ಎರಡೂ ಇರಬೇಕು, ಹೊಲಿಗೆ ಕಾಣಬಾರದು. ನಟ ಬಿಹಾಗವನ್ನೇ ಹತ್ತಿರದಿಂದ ನೋಡೋಣ.

ಬಿಹಾಗ ಏರುವಾಗ ರಿಷಭವನ್ನೂ ಧೈವತವನ್ನೂ (ಧ) ಹಾರಿಸುತ್ತದೆ: ನಿ ಸಾ ಗ, ಮ ಪ, ನಿ ಸಾ. ಇಳಿಯುವಾಗ ಅವೆರಡನ್ನೂ ಸವರಿ ಹೋಗುತ್ತದೆ. ಪಂಚಮದ ಮಗ್ಗುಲಲ್ಲಿ ತೀವ್ರ ಮಧ್ಯಮ (ಏರಿಸಿದ ಮ) ಇಣುಕುತ್ತದೆ. ನಟದ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ಮೆಟ್ಟಿಲು ಹಾರಿಸುವುದಿಲ್ಲ: ಸಾ ರೇ, ರೇ ಗ, ಗ ಮ. ಏರಿಕೆಯಲ್ಲಿ ರಿಷಭದ ಮೇಲೆ ಕಾಲೂರಿಯೇ ಹೋಗುತ್ತದೆ, ಕೊನೆಗೆ ‘ಸಾ ರೇ ಸಾ’ ಎಂದು ಮುಗಿಸುತ್ತದೆ. ಅಂದರೆ ಈ ಎರಡು ರಾಗಗಳ ಜಗಳ ಇರುವುದೇ ರಿಷಭದ ಬಗ್ಗೆ. ಬಿಹಾಗಕ್ಕೆ ಏರುವಾಗ ಅದು ಬೇಡ, ನಟಕ್ಕೆ ಅದಿಲ್ಲದೆ ನಡೆಯದು. ರಿಷಭ ಬಿಟ್ಟು ಎರಡು ಆವರ್ತನ ಹಾಡಿದರೆ ಬರೀ ಬಿಹಾಗ ಉಳಿಯುತ್ತದೆ. ರಿಷಭದ ಮೇಲೆ ಹೆಚ್ಚು ಹೊತ್ತು ಆಡಿದರೆ ಬಿಹಾಗ ಎದ್ದು ಹೋಗುತ್ತದೆ.

ಈಗ ಹಾಡುಗಾರ ಗಂಧಾರದ (ಗ) ಮೇಲೆ ಹತ್ತು ಸೆಕೆಂಡು ನಿಲ್ಲುತ್ತಾನೆ ಅನ್ನಿ. ಅದು ಬಿಹಾಗದ ಗಂಧಾರವೋ ನಟದ್ದೋ? ಹೇಳಲು ಬರುವುದಿಲ್ಲ. ಎರಡೂ ಅದೇ ಶುದ್ಧ ಗಂಧಾರ. ಅದರ ಕುಲ ಗೊತ್ತಾಗುವುದು ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು ಎಂಬುದರಿಂದ. ನಿಷಾದದಿಂದ ಸಾ ದಾಟಿ ಗಂಧಾರಕ್ಕೆ ನೆಗೆದರೆ ಬಿಹಾಗ, ರಿಷಭದ ಮೆಟ್ಟಿಲಿನಿಂದ ಹತ್ತಿದರೆ ನಟ. ರಾಗ ಕಾಣಬೇಕೆಂದರೆ ಸ್ವರ ಚಲಿಸಲೇಬೇಕು. ಒಂದೊಂದೇ ಸ್ವರ ಬಿಡಿಸುವ ಅತಿವಿಲಂಬಿತ ಕ್ರಮದಲ್ಲಿ ಇಂಥ ರಾಗ ಹಾಡಹೊರಟರೆ ಕೇಳುಗನಿಗೆ ದಾರಿ ತಪ್ಪುತ್ತದೆ, ಹಾಡುಗಾರನಿಗೂ ತಪ್ಪುವುದುಂಟು. ತೋಡಿ, ದರ್ಬಾರಿಯಂಥವು ನಿಂತ ನಿಲುವಿನಲ್ಲೇ ತಮ್ಮ ಮುಖ ತೋರಿಸಬಲ್ಲವು. ಅವುಗಳಿಗೆ ಆ ನಿಧಾನ ಒಪ್ಪುತ್ತದೆ. ಆದ್ದರಿಂದ ಹತ್ತೊಂಬತ್ತು ಸೆಕೆಂಡಿನ ಆವರ್ತನವೂ ಈ ರಾಗಗಳೂ ಒಂದಕ್ಕೊಂದು ಹೇಳಿಮಾಡಿಸಿದವು.

ಈ ರಾಗಗಳ ಪೈಕಿ ಹಲವಕ್ಕೆ ಆರೋಹ–ಅವರೋಹ ಬರೆದುಕೊಂಡು ಪ್ರಯೋಜನವಿಲ್ಲ. ನಕ್ಷೆ ಇರುವುದು ಚೀಜಿನಲ್ಲಿ. ಅದಕ್ಕೇ ತಾಲೀಮಿನಲ್ಲಿ ಸ್ಥಾಯಿ–ಅಂತರಾವನ್ನು ನೂರಾರು ಸಲ ಹೇಳಿಸುವುದು. ಯಾವ ಅಕ್ಷರ ಯಾವ ಸ್ವರದಿಂದ ಜಾರಿ ಎಲ್ಲಿ ಇಳಿಯಿತು ಎಂಬ ಒಂದೊಂದು ತಿರುವೂ ಮುಂದೆ ಆಲಾಪಕ್ಕೆ ಬೀಜ. ಚೀಜು ಅರ್ಧಂಬರ್ಧ ಕಲಿತವನು ಈ ರಾಗಗಳಲ್ಲಿ ಐದು ನಿಮಿಷಕ್ಕೆ ಬರಿಗೈಯಾಗುತ್ತಾನೆ. ಸರಗಮ್ (ಸ್ವರಗಳ ಹೆಸರು) ಹೇಳಿ ಹೊತ್ತು ಕಳೆಯುವ ಅನುಕೂಲವೂ ಈ ಘರಾಣೆಯಲ್ಲಿಲ್ಲ.

ತಾನಿನ ಸ್ವರೂಪವೂ ಇದಕ್ಕೆ ತಕ್ಕಂತೆ ಬದಲಾಗುತ್ತದೆ. ಗ್ವಾಲಿಯರಿನ ಸಪಾಟ ತಾನನ್ನು ನಟ ಬಿಹಾಗದಲ್ಲಿ ಹೊಡೆದರೆ ರಾಗವೇ ಕೊಚ್ಚಿಹೋಗುತ್ತದೆ. ಜೈಪುರದ ತಾನು ವಕ್ರ: ಎರಡು ಮೆಟ್ಟಿಲು ಹತ್ತಿ ಒಂದು ಇಳಿದು, ಸುತ್ತಿ, ಬಳ್ಳಿಯ ಹಾಗೆ ಹಬ್ಬುತ್ತದೆ. ಮುಂದಿನ ತಿರುವು ಎತ್ತ ಎಂದು ಊಹಿಸುವುದು ಕಷ್ಟ. ಮೊದಲ ಸಲ ಕೇಳುವವರಿಗೆ ಸುಸ್ತಾಗುವುದು ಇದರಿಂದಲೂ ಇರಬಹುದು.

ಅನುಕರಿಸಿದವರು ಎಲ್ಲಿ ಎಡವುತ್ತಾರೆ

ಕತ್ತು ಎತ್ತುವ ಬಗೆ, ಕೈ ಬೀಸುವ ಬಗೆ ಬೇಗ ಬರುತ್ತವೆ. ಸಮ್‌ಗೆ ಕೊನೆಯ ಗಳಿಗೆಯಲ್ಲಿ ಹಾರಿ ಬೀಳುವ ವರಸೆಯನ್ನೂ ಹಲವರು ಕಲಿತಿದ್ದಾರೆ. ಆದರೆ ಮೂರು ಆವರ್ತನ ಸೌಮ್ಯವಾಗಿ ಬಂದು ನಾಲ್ಕನೆಯದರಲ್ಲಿ ಹಾರಿದರೆ ಅದು ಚಮತ್ಕಾರ, ಪ್ರತಿ ಸಲ ಹಾರಿದರೆ ದೊಂಬರಾಟ. ಮುಖಡಾವನ್ನು ಒತ್ತಿ ಹಿಡಿಯುವುದಕ್ಕೆ ಮೊದಲು ಅದನ್ನು ಪೂರಾ ನಾಲ್ಕು ಮಾತ್ರೆಯಲ್ಲಿ ಸಾಕಷ್ಟು ಸಲ ಕೇಳಿಸಿರಬೇಕು. ಕೇಳುಗನಿಗೆ ಮೂಲ ಅಳತೆ ಗೊತ್ತಿಲ್ಲದಿದ್ದರೆ ಒತ್ತಿದ್ದು ತಿಳಿಯುವುದಾದರೂ ಹೇಗೆ?

ಗಂಟಲಿನದು ಬೇರೆ ಸಮಸ್ಯೆ. ಪೂರಾ ತೆರೆದ ‘ಆ’ಕಾರಕ್ಕೆ ಗಾಳಿ ಬಹಳ ಬೇಕು. ಗಾಳಿ ಸಾಲದಾಗ ದವಡೆ ಬಿಗಿದು ಸ್ವರ ಮೂಗಿಗೆ ಏರುತ್ತದೆ, ತಾನಿನ ಕಾಳು ಕಾಳು ಬಿಡಿಯಾಗಿ ಕೇಳುವುದಿಲ್ಲ. ಇದಕ್ಕೆ ಅಡ್ಡದಾರಿಯಿಲ್ಲ: ಮಾತ್ರೆಗೆ ನಾಲ್ಕು ಸ್ವರದ ತಾನು ಶುಚಿಯಾಗುವವರೆಗೆ ಎಂಟಕ್ಕೆ ಕೈ ಹಾಕಬಾರದು.

ಇನ್ನು ತಬಲಾ. ಈ ಗಾಯಕಿಗೆ ಬೇಕಾದದ್ದು ಗೋಡೆಯಂಥ ಠೇಕಾ. ಆವರ್ತನದಲ್ಲಿ ಬಿಡುವೇ ಇಲ್ಲದ ಕಡೆ ತಬಲಜಿಯೂ ತುಂಬಲು ಹೊರಟರೆ ಇಬ್ಬರ ಮಾತೂ ಕೇಳಿಸುವುದಿಲ್ಲ. ತಾನಿನ ಹುರುಪಿಗೆ ಲಯವನ್ನು ಒಂದಿಷ್ಟು ಏರಿಸಿಬಿಟ್ಟರಂತೂ ಕೆಲಸ ಕೆಟ್ಟಿತು: 1.2 ಸೆಕೆಂಡಿನ ಮಾತ್ರೆ 1ಕ್ಕೆ ಇಳಿದರೆ ಹಾಡುಗಾರ ಮನಸ್ಸಿನಲ್ಲಿ ಹಾಕಿಕೊಂಡಿದ್ದ ಹದಿನಾಲ್ಕೂವರೆ ಸೆಕೆಂಡು ಹನ್ನೆರಡಾಗಿರುತ್ತದೆ.

ತಡವಾಗಿ ಬಂದ ಕಾಲ

1950ರಲ್ಲಿ ಭೂರ್ಜಿ ಖಾನರು ತೀರಿಕೊಂಡಾಗ ಮನ್ಸೂರರಿಗೆ ನಲವತ್ತರ ಆಸುಪಾಸು. ವಿದ್ಯೆ ಕೈಗೂಡಿತ್ತು. ದೇಶದ ತುಂಬ ಮನ್ನಣೆ ಬಂದದ್ದು ಮಾತ್ರ ಅರವತ್ತರ ಹೊತ್ತಿಗೆ: 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ. ಅದೇ 1992ರ ಸೆಪ್ಟೆಂಬರ್ 12ರಂದು ತೀರಿಕೊಂಡರು. 1950 ಮತ್ತು 1970ರ ನಡುವಿನ ಎರಡು ದಶಕ ಧಾರವಾಡ, ಅಲ್ಲಿನ ಆಕಾಶವಾಣಿ, ಬೈಠಕ್ಕುಗಳು, ಮತ್ತು ದಿನವೂ ತಪ್ಪದ ರಿಯಾಜು.

ತಡವಾದದ್ದಕ್ಕೆ ಒಂದು ಕಾರಣ ಕಾಲದ ರುಚಿ ಎನ್ನಬೇಕು. ಖ್ಯಾಲದ ಲಯ ದಿನೇ ದಿನೇ ನಿಧಾನವಾಗುತ್ತಿದ್ದ ದಿನಗಳು ಅವು. ಧಾರವಾಡ ಸೀಮೆಯಲ್ಲೇ ಸವಾಯಿ ಗಂಧರ್ವರ ಶಿಷ್ಯಪರಂಪರೆಯ ಕಿರಾಣಾ ಮನೆಮಾತಾಗಿತ್ತು. ನಿಧಾನಕ್ಕೆ ಒಗ್ಗಿದ ಸಭಿಕರೆದುರು ಮಧ್ಯಲಯದಲ್ಲಿ ಲಚ್ಛಾಸಾಖ್‌ನಂಥ ಅಪರೂಪದ ರಾಗ ಹಾಡುವವನು ಪಂಡಿತರಿಗೆ ಪ್ರಿಯನಾಗುತ್ತಾನೆ, ಟಿಕೆಟ್ಟು ಮಾರಿಸುವುದಿಲ್ಲ.

ಆದರೆ ಇದೇ ಗವಾಯಿ ಕಛೇರಿಯ ಕೊನೆಗೆ ವಚನ ಎತ್ತಿಕೊಂಡರೆ ಸಂಗೀತದ ಗಂಧವಿಲ್ಲದವರೂ ಕದಲದೆ ಕೂರುತ್ತಿದ್ದರು. ವಚನ ಹಾಡುವುದು ಮೇಲ್ನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಅದು ಗದ್ಯ, ಗಣಗಳ ಲೆಕ್ಕವಿಲ್ಲ, ಸಾಲುಗಳು ಸಮ ಇಲ್ಲ. ಅಕ್ಕಮಹಾದೇವಿಯ ಈ ವಚನ ಅವರ ಕಂಠದಲ್ಲಿ ಪ್ರಸಿದ್ಧ:

ಅಕ್ಕ ಕೇಳವ್ವಾ ನಾನೊಂದು ಕನಸ ಕಂಡೆ
ಅಕ್ಕಿ ಅಡಕೆ ಓಲೆ ತೆಂಗಿನಕಾಯ ಕಂಡೆ

ಇಲ್ಲಿ ‘ಕಂಡೆ’ ಎಂಬುದು ಸಾಲಿನ ಕೊನೆಗೆ ಮತ್ತೆ ಮತ್ತೆ ಬರುತ್ತದೆ. ತಾಳಕ್ಕೆ ಕೂರಿಸುವವನಿಗೆ ಸಿಗುವ ಗೂಟ ಅದೊಂದೇ. ಆ ಶಬ್ದವನ್ನು ತಾಳದ ಒಂದು ನಿಶ್ಚಿತ ಜಾಗಕ್ಕೆ ಕಟ್ಟಿ, ಅದರ ಹಿಂದಿನ ಅಕ್ಷರಗಳನ್ನು ಸಾಲಿನ ಉದ್ದ ನೋಡಿಕೊಂಡು ಹಿಗ್ಗಿಸಬೇಕು, ಇಲ್ಲವೇ ಒತ್ತಬೇಕು. ‘ಅಕ್ಕ ಕೇಳವ್ವಾ’ ಎಂಬ ಕರೆಯನ್ನು ಎಳೆಯಲು ಜಾಗವಿದೆ. ಎರಡನೆಯ ಸಾಲಿನಲ್ಲಿ ನಾಲ್ಕು ವಸ್ತುಗಳ ಪಟ್ಟಿ ಇರುವುದರಿಂದ ಅಷ್ಟೇ ಮಾತ್ರೆಯಲ್ಲಿ ಅಕ್ಷರ ಒತ್ತಾಗುತ್ತವೆ, ಆದರೆ ‘ಅಡಕೆ’ ‘ಓಲೆ’ ಒಂದಕ್ಕೊಂದು ಅಂಟಿಕೊಳ್ಳಕೂಡದು. ‘ಚಿಕ್ಕ ಚಿಕ್ಕ ಜಡೆಗಳ’ ಎಂದು ಮುಂದುವರಿಯುವ ಮೂರನೆಯದು ಇನ್ನೂ ಉದ್ದ, ‘ಕಂಡೆನವ್ವಾ’ ಎಂದು ಬೇರೆ ಮುಗಿಯುತ್ತದೆ. ನಾಲ್ಕು ಮಾತ್ರೆಯ ಮುಖಡಾವನ್ನು ಎರಡೂವರೆಗೆ ತಂದು ನಿಲ್ಲಿಸುವ ಲೆಕ್ಕ ಇಲ್ಲಿ ಸಾಲು ಸಾಲಿಗೂ ಬೇಕು.